ನಮ್ಮ ಬಡಾವಣೆಯ ಹಾಡಿನ ಬಳಗ: ಕೂಟ, ಹಬ್ಬ, ವಿಶೇಷ ಕಾರ್ಯಕ್ರಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಬಂತು ಅಂದರೆ ಬಳಗದ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ರಾಜ್ಯೋತ್ಸವಕ್ಕೆ ಬರ್ತೀರಾ, ಎಷ್ಟು ಜನ ಬರ್ತೀರಿ, ಏನು ಕೊಡಬೇಕು, ನನಗೆ ಸಂಗೀತ ಬರಲ್ಲ ಆದರೂ ಸೇರಬಹುದಾ? ಪ್ರತಿ ವರ್ಷ ಇವೇ ಪ್ರಶ್ನೆಗಳು. ಎಲ್ಲದಕ್ಕೂ ಒಂದೇ ಕಡೆ ಉತ್ತರ ಸಿಗಲಿ ಅಂತ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ನಿಮ್ಮದು ಭಜನಾ ಮಂಡಳಿಯಾ, ಆರ್ಕೆಸ್ಟ್ರಾನಾ?

ಎರಡೂ ಅಲ್ಲ. ಮೈಸೂರಿನ ಒಂದು ಬಡಾವಣೆಯ ಜನ ಸೇರಿ ಹಾಡುವ ಬಳಗ ಇದು. ಭಾವಗೀತೆ, ದಾಸರ ಪದ, ವಚನ, ತತ್ವಪದ, ಜನಪದ, ನಾಡಿನ ಹಾಡು, ಎಲ್ಲವನ್ನೂ ಹಾಡುತ್ತೇವೆ. ನಿವೃತ್ತ ಮೇಷ್ಟ್ರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಮನೆ ನಡೆಸುವವರಿದ್ದಾರೆ, ಬಟ್ಟೆ ಹೊಲಿಯುವವರು ಒಬ್ಬರಿದ್ದಾರೆ, ಕಾಲೇಜಿನ ಹುಡುಗ ಹುಡುಗಿಯರೂ ಇದ್ದಾರೆ. ಭಾನುವಾರ ಸಂಜೆ 4ರಿಂದ 6ರ ತನಕ ಬಡಾವಣೆಯ ಉದ್ಯಾನದಲ್ಲಿ ತಾಲೀಮು. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಶ್ರುತಿಗೆ ಫೋನು. ಇಷ್ಟೇ ನಮ್ಮ ಸಾಮಾನು.

ನಾನು ಸಂಗೀತ ಕಲಿತಿಲ್ಲ. ಕಾರ್ಯಕ್ರಮದ ದಿನ ನನ್ನನ್ನೂ ವೇದಿಕೆಗೆ ಹತ್ತಿಸ್ತೀರಾ?

ಹತ್ತಿಸುತ್ತೇವೆ. ಶರತ್ತು ಒಂದೇ: ಆ ಕಾರ್ಯಕ್ರಮದ ಹಿಂದಿನ ಮೂರು ತಾಲೀಮಿಗೆ ಬಂದಿರಬೇಕು. ಇದು ಹತ್ತು ವರ್ಷ ಪಾಠ ಹೇಳಿಸಿಕೊಂಡವರಿಗೂ ಒಂದೇ, ನಿನ್ನೆ ಸೇರಿದವರಿಗೂ ಒಂದೇ. ತುಂಬಾ ಚೆನ್ನಾಗಿ ಹಾಡುವವರು ತಾಲೀಮಿಗೆ ಬಾರದೆ ನೇರವಾಗಿ ವೇದಿಕೆ ಹತ್ತಿದರೆ ಪಕ್ಕದ ಹತ್ತು ಜನ ತಪ್ಪುತ್ತಾರೆ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಸಾಲನ್ನು ಎರಡು ಸಲ ಹಾಡುತ್ತಾರೆ ಅನ್ನೋದು ಯಾರಿಗೂ ಗೊತ್ತಿರುವುದಿಲ್ಲ ನೋಡಿ. ಸೇರಿ ಹಾಡುವಾಗ ಗಂಟಲಿಗಿಂತ ಕಿವಿಗೆ ಕೆಲಸ ಜಾಸ್ತಿ. ಪಕ್ಕದವರ ದನಿ ನಿಮಗೆ ಕೇಳಿಸುತ್ತಿಲ್ಲ ಅಂದರೆ ನೀವು ಜೋರಾಗಿ ಹಾಡುತ್ತಿದ್ದೀರಿ ಅಂತ ಅರ್ಥ. ಮೊದಲ ದಿನ ಹೇಳಿಕೊಡುವುದು ಇದನ್ನೇ.

ಗಂಡಸರು, ಹೆಂಗಸರು ಒಂದೇ ಶ್ರುತಿಯಲ್ಲಿ ಹೇಗೆ ಹಾಡ್ತೀರಿ?

ಒಳ್ಳೆ ಪ್ರಶ್ನೆ, ಯಾಕೆಂದರೆ ನಮ್ಮ ಅರ್ಧ ತಾಲೀಮು ಇದರಲ್ಲೇ ಕಳೆಯುತ್ತದೆ. ಶ್ರುತಿ ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರ, ಅದರ ಸಂಖ್ಯೆ ಹೆಚ್ಚಿದಷ್ಟೂ ದನಿ ಎತ್ತರ. ಗಂಡಸರಿಗೆ ಸಾಮಾನ್ಯವಾಗಿ ಒಂದು, ಒಂದೂವರೆ ಶ್ರುತಿ ಹಿತ. ಹೆಂಗಸರಿಗೆ ಐದು, ಐದೂವರೆ. ಇಬ್ಬರೂ ಸೇರಿದಾಗ ನಡುವೆ ಎಲ್ಲೋ, ಮೂರು ಅಥವಾ ನಾಲ್ಕಕ್ಕೆ ಇಟ್ಟುಕೊಳ್ಳುತ್ತೇವೆ. ಆಗ ಗಂಡಸರಿಗೆ ಮೇಲಿನ ಸ್ಥಾಯಿ ಎಳೆಯುತ್ತದೆ, ಹೆಂಗಸರಿಗೆ ಕೆಳಗಿನ ಸ್ವರ ಕೇಳಿಸುವುದೇ ಇಲ್ಲ. ಅದಕ್ಕೆ ಹಾಡನ್ನು ಹಂಚುತ್ತೇವೆ. ಪಲ್ಲವಿ ಎಲ್ಲರದ್ದು, ಮೇಲೇರುವ ಚರಣ ಹೆಂಗಸರದ್ದು, ತಗ್ಗಿನಲ್ಲಿ ನಡೆಯುವ ಚರಣ ಗಂಡಸರದ್ದು. ಹೀಗೆ ಹಂಚಿದರೆ ಕೇಳುವವರಿಗೂ ಬೇಜಾರಾಗುವುದಿಲ್ಲ, ಒಬ್ಬರು ಹಾಡುವಾಗ ಇನ್ನೊಬ್ಬರಿಗೆ ಉಸಿರಾಡಲು ಬಿಡುವೂ ಸಿಗುತ್ತದೆ.

ವರ್ಷದಲ್ಲಿ ಯಾವಾಗ ಯಾವಾಗ ಕಾರ್ಯಕ್ರಮ ಇರುತ್ತೆ?

ಜನವರಿಯಲ್ಲಿ ಸಂಕ್ರಾಂತಿ ಕೂಟ. ಪುಷ್ಯ ಬಹುಳ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ, ಅವತ್ತು ಗೋಷ್ಠಿ ಗಾಯನ. ಯುಗಾದಿಗೆ ಬೇವು ಬೆಲ್ಲ, ಜೊತೆಗೆ ನಾಲ್ಕು ಹಾಡು. ಬಸವ ಜಯಂತಿಗೆ ವಚನಗಳು. ಆಗಸ್ಟ್ 15ಕ್ಕೆ ಉದ್ಯಾನದಲ್ಲಿ ಧ್ವಜಾರೋಹಣ. ಆಮೇಲೆ ಗಣಪತಿ, ದಸರಾ, ರಾಜ್ಯೋತ್ಸವ, ಕನಕ ಜಯಂತಿ ಒಂದರ ಹಿಂದೆ ಒಂದು ಬರುತ್ತವೆ. ಆ ಮೂರು ತಿಂಗಳು ನಮಗೆ ಭಾನುವಾರ ಸಾಲದೆ ಬುಧವಾರವೂ ಸೇರುತ್ತೇವೆ. ಮೇ, ಜೂನ್ ಖಾಲಿ. ಹೊಸಬರು ಸೇರಲು ಅದೇ ಒಳ್ಳೆ ಸಮಯ. ಅವಸರ ಇರುವುದಿಲ್ಲ, ಒಂದೊಂದು ಹಾಡನ್ನೂ ಬಿಡಿಸಿ ಬಿಡಿಸಿ ಹೇಳಿಕೊಡಬಹುದು.

ರಾಜ್ಯೋತ್ಸವಕ್ಕೆ ನಾಡಗೀತೆ ಹಾಡ್ತೀರಲ್ಲ, ಯಾವ ಧಾಟಿಯಲ್ಲಿ? ನಮ್ಮ ಶಾಲೆಯಲ್ಲಿ ಬೇರೆ ಥರ ಹೇಳಿಕೊಟ್ಟಿದ್ದರು.

ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ. ಪೂರ್ತಿ ಸಾಹಿತ್ಯ, 2 ನಿಮಿಷ 30 ಸೆಕೆಂಡು. ಆಲಾಪ ಇಲ್ಲ, ಸಾಲುಗಳನ್ನು ಮತ್ತೆ ಮತ್ತೆ ಹಾಡುವುದೂ ಇಲ್ಲ. ಇದು ನಮ್ಮ ಇಷ್ಟದ ಮಾತಲ್ಲ. ಕುವೆಂಪು ಅವರ ಈ ಕವಿತೆ ನಾಡಗೀತೆ ಆದದ್ದು 2004ರಲ್ಲಿ. ಧಾಟಿ, ಅವಧಿ ಎರಡನ್ನೂ ಸರ್ಕಾರ ಗೊತ್ತುಮಾಡಿದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ ಅಷ್ಟೂ ವರ್ಷ ಒಂದೊಂದು ಶಾಲೆಯಲ್ಲಿ, ಒಂದೊಂದು ಸಭೆಯಲ್ಲಿ ಒಂದೊಂದು ರೀತಿ. ಸಿ. ಅಶ್ವತ್ಥ್ ಅವರ ಧಾಟಿ ಕೇಳಿ ಬೆಳೆದವರೂ ಬಹಳ ಜನ.

ಇದರ ಕಷ್ಟ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ಆ ಆದೇಶ ಬರುವುದಕ್ಕೆ ಕೆಲವು ವರ್ಷ ಮುಂಚೆ ಒಂದು ನವೆಂಬರ್ 1ರ ಬೆಳಿಗ್ಗೆ, ಬಾವುಟ ಮೇಲೇರಿತು, ಹೂವು ಉದುರಿತು, ನಾವು ಶುರು ಮಾಡಿದೆವು. ಮೊದಲ ಸಾಲಿನಲ್ಲಿ ನಿಂತವರು ಅನಂತಸ್ವಾಮಿ ಅವರ ಧಾಟಿ ಹಿಡಿದರು. ಹಿಂದಿನ ಸಾಲಿನಲ್ಲಿ ಆ ವರ್ಷ ಹೊಸದಾಗಿ ಸೇರಿದ ಐದಾರು ಜನ ಇನ್ನೊಂದು ಹಿಡಿದರು. ಎದುರಿಗೆ ನಿಂತಿದ್ದ ಜನರೂ ಜೊತೆಗೂಡಿದರು, ಅರ್ಧ ಅದಕ್ಕೆ, ಅರ್ಧ ಇದಕ್ಕೆ. ಹಾರ್ಮೋನಿಯಂ ನುಡಿಸುತ್ತಿದ್ದ ಮೇಷ್ಟ್ರು ಕೈ ಎತ್ತಿಬಿಟ್ಟರು, ಬರೀ ಶ್ರುತಿ ಉಳಿಯಿತು. ಎರಡನೇ ಚರಣದ ಹೊತ್ತಿಗೆ ಹಿಂದಿನವರು ಒಬ್ಬೊಬ್ಬರಾಗಿ ಸುಮ್ಮನಾಗಿ, ಮುಂದಿನವರನ್ನು ಕೇಳಿಸಿಕೊಂಡು, ನಿಧಾನಕ್ಕೆ ಸೇರಿಕೊಂಡರು. ಹಾಡು ಮುಗಿಯಿತು, ಯಾರೂ ಯಾರನ್ನೂ ಬೈಯಲಿಲ್ಲ. ಆದರೆ ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ಎಷ್ಟೇ ಗೊತ್ತಿರುವ ಹಾಡಾದರೂ ಕಾರ್ಯಕ್ರಮದ ಹಿಂದಿನ ದಿನ ಒಮ್ಮೆ ಎಲ್ಲರೂ ನಿಂತು ಹಾಡಬೇಕು. ಎಲ್ಲರಿಗೂ ಬರುತ್ತದೆ ಅಂತ ಬಿಟ್ಟ ಹಾಡೇ ಕೈಕೊಡುವುದು.

ಅಶ್ವತ್ಥ್ ಅವರ ಧಾಟಿ ಇಷ್ಟ ಇರುವವರು ತಾಲೀಮು ಮುಗಿದ ಮೇಲೆ ಅದನ್ನೂ ಹಾಡುತ್ತಾರೆ. ನಾನೂ ಜೊತೆಗೆ ಹಾಡುತ್ತೇನೆ, ನನಗೆ ಎರಡೂ ಪ್ರೀತಿಯೇ.

ಊರಿನ ಜನ ಎಲ್ಲ ಸೇರಿ ಹಾಡುವಂಥ ಕಾರ್ಯಕ್ರಮ ಇದೆಯಾ?

ಇದೆ. 2021ರ ಅಕ್ಟೋಬರ್ 28ರಂದು ಬೆಳಿಗ್ಗೆ 11 ಗಂಟೆಗೆ ರಾಜ್ಯದ ಉದ್ದಗಲಕ್ಕೂ ಏಕಕಾಲಕ್ಕೆ ಮೂರು ಕನ್ನಡ ಹಾಡು ಹಾಡಿದ್ದು ನೆನಪಿದೆ ಅಲ್ವಾ? ಮರುವರ್ಷ ಅದೇ ದಿನ ಕೋಟಿ ಕಂಠ ಗಾಯನ ಅಂತ ಆಯಿತು, ಆಗ ಆರು ಹಾಡು. ನಾವು ಉದ್ಯಾನದಲ್ಲೇ ನಿಂತು ಹಾಡಿದೆವು. ತರಕಾರಿ ಗಾಡಿಯವರು ಗಾಡಿ ನಿಲ್ಲಿಸಿ ಬಂದರು. ಹಾಲಿನ ಬೂತಿನವರು ಅಂಗಡಿ ಬಿಟ್ಟು ಬರಲಾಗದೆ ಅಲ್ಲಿಂದಲೇ ದನಿ ಸೇರಿಸಿದರು. ಅವತ್ತಿನ ಆರರಲ್ಲಿ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಕೂಡ ಒಂದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಸಭೆಯಲ್ಲಿ ಹಾಡಿದ್ದ ಹಾಡು ಅದು. ಆಗ ಕನ್ನಡದವರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಒಂದೇ ರಾಜ್ಯ ಆಗಲು ಇನ್ನೂ 32 ವರ್ಷ ಕಾಯಬೇಕಿತ್ತು. ಮಕ್ಕಳಿಗೆ ಈ ಹಾಡು ಹೇಳಿಕೊಡುವಾಗ ಈ ಲೆಕ್ಕವನ್ನೂ ಹೇಳುತ್ತೇವೆ. ಹೇಳಿದ ಮೇಲೆ ಅವರು ಹಾಡುವ ರೀತಿಯೇ ಬದಲಾಗುತ್ತದೆ.

ಆಮೇಲಿಂದ ಪ್ರತಿ ನವೆಂಬರ್ 1ರಂದು ಕೊನೆಯ ಎರಡು ಹಾಡನ್ನು ನೆರೆದವರ ಜೊತೆಗೇ ಹಾಡುತ್ತೇವೆ. ಸಾಹಿತ್ಯದ ಹಾಳೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಹಂಚುತ್ತೇವೆ. ಕನ್ನಡಕ ತರದವರಿಗೂ ಕಾಣಬೇಕು.

ಸಂಕ್ರಾಂತಿ ಕೂಟಕ್ಕೆ ಬಳಗದವರು ಮಾತ್ರ ಬರಬೇಕಾ?

ಯಾರು ಬೇಕಾದರೂ ಬನ್ನಿ. ಹಿಂದಿನ ಭಾನುವಾರ ಎಳ್ಳು ಬೆಲ್ಲ ಮಾಡುವ ಕೆಲಸ ಇರುತ್ತದೆ, ಅದಕ್ಕೆ ಬಂದರೆ ಇನ್ನೂ ಸಂತೋಷ. ಕೊಬ್ಬರಿ, ಅಚ್ಚುಬೆಲ್ಲ ಸಣ್ಣಗೆ ಹೆಚ್ಚುವವರು ಒಂದು ಕಡೆ, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಊದುವವರು ಇನ್ನೊಂದು ಕಡೆ, ಹುರಿಗಡಲೆ, ಎಳ್ಳು ಬೆರೆಸಿ ಪೊಟ್ಟಣ ಕಟ್ಟುವವರು ಮತ್ತೊಂದು ಕಡೆ. ಕೈ ಕೆಲಸ ಮಾಡುತ್ತಿರುವಾಗ ಯಾರೋ ಒಬ್ಬರು ಗುನುಗುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ವೇದಿಕೆಯಲ್ಲಿ ನಿಂತರೆ ನಡುಗುವವರು ಇಲ್ಲಿ ಎಷ್ಟು ಸಲೀಸಾಗಿ ಹಾಡುತ್ತಾರೆ ಅಂದರೆ, ಹೊಸ ದನಿಗಳು ನಮಗೆ ಸಿಗುವುದು ಬಹುಪಾಲು ಈ ಬೆಲ್ಲ ಹೆಚ್ಚುವ ಚಾಪೆಯ ಮೇಲೆಯೇ.

ಪ್ರವಾಸಕ್ಕೆ ಬಂದರೆ ಹಾಡಲೇಬೇಕಾ?

ಇಲ್ಲ. ಸುಮ್ನೆ ಬನ್ನಿ, ತಿನ್ನಿ, ಓಡಾಡಿ. ವರ್ಷಕ್ಕೊಮ್ಮೆ ಒಂದು ದಿನದ ಪ್ರವಾಸ. ಹೆಚ್ಚಾಗಿ ಮೇಲುಕೋಟೆಗೆ, ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಬೆಟ್ಟ ಹತ್ತಿ ಯೋಗನರಸಿಂಹಸ್ವಾಮಿಯ ದರ್ಶನ, ಮಧ್ಯಾಹ್ನ ಚೆಲುವನಾರಾಯಣನ ಗುಡಿ, ಪುಳಿಯೋಗರೆ. ಬಿಸಿಲು ಇಳಿದ ಮೇಲೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರುತ್ತೇವೆ. ಅಲ್ಲಿ ಮೆಲ್ಲಗೆ ಹಾಡಿದರೂ ನೀರಿನ ಮೇಲಿಂದ ದನಿ ಆಚೆ ದಡದ ತನಕ ಹೋಗುತ್ತದೆ. ಒಂದು ಸಲ ನಾವು ಈ ಕಡೆ ಪಲ್ಲವಿ ಮುಗಿಸುವಷ್ಟರಲ್ಲಿ ಆಚೆ ದಡದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಅದನ್ನೇ ತಿರುಗಿ ಹಾಡಿದರು. ಅವರ ಮುಖ ನಮಗೆ ಕಾಣುತ್ತಿರಲಿಲ್ಲ. ಐದು ಚರಣ ಹಾಗೇ ನಡೆಯಿತು, ಒಂದು ನಮ್ಮದು, ಒಂದು ಅವರದು.

ಬಸ್ಸಿನ ಖರ್ಚು ಎಲ್ಲರೂ ಹಂಚಿಕೊಳ್ಳುತ್ತೇವೆ. ಯಾರಿಗಾದರೂ ಕಷ್ಟ ಅನ್ನಿಸಿದರೆ ಖಜಾಂಚಿ ಹತ್ತಿರ ಒಂದು ಮಾತು ಹೇಳಿದರೆ ಸಾಕು, ಅದು ಅಲ್ಲೇ ಉಳಿಯುತ್ತದೆ.

ದಸರಾದಲ್ಲಿ ನಮ್ಮ ಮನೆಗೆ ಗೊಂಬೆ ನೋಡಲು ಬಂದು ಹಾಡ್ತೀರಾ?

ಖಂಡಿತ. ಒಂದು ಸಂಜೆಗೆ ಮೂರು ಮನೆ, ಒಂದೊಂದು ಮನೆಯಲ್ಲಿ ಅರ್ಧ ಗಂಟೆ. ಪಾಡ್ಯಕ್ಕೆ ಮುಂಚೆಯೇ ಹೆಸರು ಬರೆಸಿ. ಪಟ್ಟದ ಗೊಂಬೆಗೆ ಆರತಿ ಎತ್ತುವ ಹೊತ್ತಿಗೆ ಸರಿಯಾಗಿ ಬರುತ್ತೇವೆ. ಅಷ್ಟೂ ಜನ ಬರುವುದಿಲ್ಲ, ಎಂಟು ಹತ್ತು ಜನ, ಚಾಪೆ ಹಾಸಿದರೆ ಸಾಕು. ಮಕ್ಕಳಿಗೆ ಬೊಂಬೆ ಬಾಗಿನ ಕೊಡುವ ಮನೆಗಳಲ್ಲಿ ಮಕ್ಕಳ ಹಾಡು ಒಂದಾದರೂ ಇರುತ್ತದೆ. ಮೈಸೂರಿನಲ್ಲಿ ದಸರೆ ಸಂಜೆ ಊರಿನ ಮಧ್ಯಭಾಗ ದಾಟುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅದಕ್ಕೆ ನಮ್ಮ ಬಡಾವಣೆ, ಅಕ್ಕಪಕ್ಕದ ಬಡಾವಣೆ ಇಷ್ಟಕ್ಕೇ ಒಪ್ಪಿಕೊಳ್ಳುವುದು.

ಮದುವೆಗೆ ಕರೆದರೆ ಬರ್ತೀರಾ?

ಬರುತ್ತೇವೆ, ಆದರೆ ಮುಹೂರ್ತದ ಹೊತ್ತಿಗಲ್ಲ. ಆಗ ಓಲಗ ಇರುತ್ತದೆ, ನಾದಸ್ವರದ ಎದುರು ನಮ್ಮ ದನಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹಿಂದಿನ ದಿನ ಚಪ್ಪರದ ಹೊತ್ತು, ಅರಿಸಿನ ಹಚ್ಚುವ ಹೊತ್ತು, ಹಸೆಗೆ ಕರೆಯುವ ಹೊತ್ತು, ಇವು ನಮ್ಮವು. ನಿಮ್ಮ ಮನೆಯ ಅಜ್ಜಿಯೋ ಸೋದರತ್ತೆಯೋ ಹಾಡುತ್ತಿದ್ದ ಸೋಬಾನೆ ಪದ ಇದ್ದರೆ ದಯವಿಟ್ಟು ಮೊದಲೇ ಹೇಳಿ. ಪುಸ್ತಕದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಅವರ ಬಾಯಲ್ಲಿ ಒಮ್ಮೆ ಹಾಡಿಸಿ ಫೋನಿನಲ್ಲಿ ಹಿಡಿದು ಕಳಿಸಿ. ಒಂದೊಂದು ಮನೆತನದಲ್ಲಿ ಒಂದೊಂದು ಪಾಠ ಇರುತ್ತದೆ. ನಾವು ನಿಮ್ಮ ಮನೆಯ ಪಾಠವನ್ನೇ ಕಲಿತು ಬರುತ್ತೇವೆ. ಹೀಗೆ ಬಂದ ಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ, ಯಾವ ಊರು, ಯಾರ ಬಾಯಿಂದ ಬಂತು ಅನ್ನುವುದೂ ಸೇರಿ. ನಮ್ಮ ಬಳಗ ಮಾಡಿರುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಇರುವುದು ಆ ಪುಸ್ತಕದ ಬಗ್ಗೆ.

ಕೇಳಲು ಸಂಕೋಚ. ಮನೆಯಲ್ಲಿ ಸಾವಾಗಿದೆ. ಬಂದು ಹಾಡಬಹುದಾ?

ಸಂಕೋಚ ಬೇಡ. ಇದೊಂದಕ್ಕೆ ಮಾತ್ರ ಮುಂಚಿತವಾಗಿ ಹೇಳಬೇಕು ಅನ್ನುವ ನಿಯಮ ಇಲ್ಲ. ಹದಿಮೂರನೇ ದಿನವೋ ಹನ್ನೊಂದನೇ ದಿನವೋ, ನಿಮ್ಮ ಪದ್ಧತಿಗೆ ತಕ್ಕ ಹಾಗೆ ಬರುತ್ತೇವೆ. ತಬಲ ಇರುವುದಿಲ್ಲ, ಮೈಕ್ ಇರುವುದಿಲ್ಲ, ಶ್ರುತಿ ಮಾತ್ರ. ನೆಲದ ಮೇಲೆ ಕೂರುತ್ತೇವೆ. ನಮಗೆ ಕಾಫಿ ತಿಂಡಿ ಅಂತ ಏನೂ ಮಾಡಬೇಡಿ.

ಉದ್ಯಾನದ ಬೆಂಚಿನ ಮೇಲೆ ಪ್ರತಿ ಭಾನುವಾರ ಒಬ್ಬರು ಹಿರಿಯರು ಬಂದು ಕೂರುತ್ತಿದ್ದರು. ಹಾಡುತ್ತಿರಲಿಲ್ಲ. 6 ಗಂಟೆಗೆ ನಾವು ಜಮಖಾನ ಮಡಚುವಾಗ ಒಂದು ತುದಿ ಹಿಡಿದುಕೊಂಡು, ಅದೊಂದು ಇನ್ನೊಂದ್ಸಲ ಹಾಡಬಹುದಿತ್ತು ಅನ್ನುತ್ತಿದ್ದರು. ಪ್ರತಿ ವಾರ ಬೇರೆ ಬೇರೆ ಹಾಡಿನ ಹೆಸರು. ಅವರು ಹೋದಾಗ ಮಗ ಬಂದು ಕರೆದರು. ಏನು ಹಾಡಲಿ ಅಂತ ಕೇಳಿದರೆ ಅವರಿಗೆ ಗೊತ್ತಿರಲಿಲ್ಲ, ಅಪ್ಪ ಮನೆಯಲ್ಲಿ ಹಾಡಿನ ಮಾತೇ ಆಡುತ್ತಿರಲಿಲ್ಲವಂತೆ. ನಾವು ಕೂತು ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡೆವು. ಹನ್ನೊಂದು ಹಾಡು ಸಿಕ್ಕವು. ಹನ್ನೊಂದನ್ನೂ ಹಾಡಿದೆವು, ಎರಡು ಗಂಟೆ ಹಿಡಿಯಿತು.

ವೃದ್ಧಾಶ್ರಮದಲ್ಲಿ ಹಾಡಿಸಬೇಕು ಅಂತಿದ್ದೇವೆ. ಏನೇನು ವ್ಯವಸ್ಥೆ ಬೇಕು?

ವ್ಯವಸ್ಥೆಗಿಂತ ಸಮಯ ಮುಖ್ಯ. ಸಂಜೆ 4ರ ಕಾಫಿ ಆದ ಮೇಲೆ, ರಾತ್ರಿಯ ಮಾತ್ರೆ ಊಟಕ್ಕೆ ತುಂಬಾ ಮುಂಚೆ. ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ, ಹಿರಿಯರಿಗೆ ಕೂತು ಕೂತು ಸೊಂಟ ನೋಯುತ್ತದೆ. ಮೈಕ್ ಬೇಡವೇ ಬೇಡ, ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಅದು ಹಿಂಸೆ. ನಾವು ಎದುರಿಗೆ ಸಾಲಾಗಿ ನಿಲ್ಲುವುದಿಲ್ಲ, ಅವರ ನಡುನಡುವೆ ಕೂರುತ್ತೇವೆ. ಹುಟ್ಟುಹಬ್ಬ ಅಂತ ಕೇಕ್ ಕತ್ತರಿಸಿ ಫೋಟೋ ತೆಗೆಸಿಕೊಂಡು ಹೊರಡುವ ಆಲೋಚನೆ ಇದ್ದರೆ ನಮ್ಮನ್ನು ಕರೆಯಬೇಡಿ. ಹಾಡು ಮುಗಿದ ಮೇಲೆ ಅರ್ಧ ಗಂಟೆ ಮಾತಾಡಿಕೊಂಡು ಕೂರುವುದಾದರೆ ಎಷ್ಟು ದೂರವಾದರೂ ಬರುತ್ತೇವೆ.

ದುಡ್ಡು ಎಷ್ಟು?

ಹಾಡುವವರಿಗೆ ಏನೂ ಬೇಡ. ಹೋಗಿಬರುವ ಗಾಡಿ ಖರ್ಚು ಮತ್ತು ತಬಲದವರ ಸಂಭಾವನೆ ಕೊಡಬೇಕು. ನಮಗೆ ಇದು ಪ್ರೀತಿ, ತಬಲದವರಿಗೆ ಇದೇ ಹೊಟ್ಟೆಪಾಡು, ಅದರಲ್ಲಿ ಚೌಕಾಸಿ ಮಾಡಬೇಡಿ. ಶಾಲು, ಹಾರ, ನೆನಪಿನ ಕಾಣಿಕೆ ಬೇಡ. ಕೊಡಲೇಬೇಕು ಅನ್ನಿಸಿದರೆ ನೋಟ್ ಪುಸ್ತಕ ಕೊಡಿ, ಹತ್ತಿರದ ಸರ್ಕಾರಿ ಶಾಲೆಗೆ ತಲುಪಿಸುತ್ತೇವೆ.

ಗಣಪತಿ ಪೆಂಡಾಲಿನಲ್ಲಿ ರಾತ್ರಿ ಎಷ್ಟು ಹೊತ್ತಿನ ತನಕ ಹಾಡ್ತೀರಿ?

9ಕ್ಕೆ ಮುಗಿಸುತ್ತೇವೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಹಗಲಿನಲ್ಲೂ ಪೊಲೀಸರ ಅನುಮತಿ ಬೇಕು, ಅದನ್ನು ಕರೆದವರೇ ಪಡೆಯಬೇಕು. ಒಂದು ಕಡೆ ನಮಗೆ 7 ಗಂಟೆ ಅಂತ ಹೇಳಿ, ಭಾಷಣ, ಸನ್ಮಾನ ಎಲ್ಲ ಮುಗಿಸಿ 9.40ಕ್ಕೆ ವೇದಿಕೆ ಕೊಟ್ಟರು. ರೇಷ್ಮೆ ಸೀರೆ ಉಟ್ಟು ಬಂದಿದ್ದ ಮಕ್ಕಳು ಕುರ್ಚಿಯ ಮೇಲೆ ನಿದ್ದೆ ಹೋಗಿದ್ದರು. ಮೂರನೇ ಹಾಡಿನ ನಡುವೆ ಮೈಕ್ ನಿಂತಿತು. ತುಂಬಾ ನೋವಾಯಿತು. ಈಗ ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇವೆ: ಹೇಳಿದ ಸಮಯಕ್ಕೆ ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ದೇವರಿಗೆ ಕೈಮುಗಿದು ಒಂದು ಹಾಡು ಹಾಡಿ ಹೊರಡುತ್ತೇವೆ.

ಕವಿಗಳ ಹಾಡು ಹಾಡಲು ಅನುಮತಿ ಬೇಕಾ?

ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಕೂಟಗಳು ಹಾಡುವುದಕ್ಕೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದಕ್ಕೇ ನಾವು ಎಂದೂ ಟಿಕೆಟ್ ಇಡುವುದಿಲ್ಲ. ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಮನೆಯವರದ್ದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಬೇಂದ್ರೆ 1981ರಲ್ಲಿ, ಲೆಕ್ಕ ಹಾಕಿಕೊಳ್ಳಿ. ಶಿಶುನಾಳ ಶರೀಫರು, ದಾಸರು, ವಚನಕಾರರು ಎಲ್ಲರಿಗೂ ಸೇರಿದವರು. ಆದರೆ ಅವರ ಪದಗಳಿಗೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಗೆ ಬೇರೆ ಹಕ್ಕು ಇರುತ್ತದೆ. ಹಾಗಾಗಿ ನಮ್ಮ ಕಾರ್ಯಕ್ರಮವನ್ನು ನೀವು ಫೋನಿನಲ್ಲಿ ಹಿಡಿದರೆ ಮನೆಯವರ ಜೊತೆ ನೋಡಿ, ಹೊರಗೆ ಹಾಕಬೇಡಿ. ಕವಿಯ ಹೆಸರು, ರಾಗ ಹಾಕಿದವರ ಹೆಸರು ಹೇಳದೆ ನಾವು ಯಾವ ಹಾಡನ್ನೂ ಶುರು ಮಾಡುವುದಿಲ್ಲ.

ಒಂದೇ ಥರದ ಸೀರೆ, ಜುಬ್ಬಾ ಕೊಳ್ಳಬೇಕಾ?

ಬೇಡ. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಲ್ಯ ಬಳಗವೇ ಕೊಡುತ್ತದೆ. ಉಳಿದಂತೆ ಮನೆಯಲ್ಲಿ ಇರುವುದರಲ್ಲೇ ಒಳ್ಳೆಯದು.

ಮಕ್ಕಳನ್ನು ಕರೆತರಬಹುದಾ?

ಕರೆತನ್ನಿ. ಏಳೆಂಟು ವರ್ಷ ಆದವರು ಹಾಡುತ್ತಾರೆ, ಅದಕ್ಕಿಂತ ಚಿಕ್ಕವರು ತಾಳ ಹಾಕುತ್ತಾರೆ.

ಕಾರ್ಯಕ್ರಮಕ್ಕೆ ಎಷ್ಟು ದಿನ ಮುಂಚೆ ಹೇಳಬೇಕು?

ಒಂದು ತಿಂಗಳು. ನವೆಂಬರಿನದ್ದಾದರೆ ಗಣಪತಿ ಹಬ್ಬಕ್ಕೆ ಮುಂಚೆಯೇ ಹೇಳಿ. ಭಾನುವಾರ ಉದ್ಯಾನಕ್ಕೇ ಬಂದು ಮಾತಾಡಿದರೆ ಉತ್ತಮ, ನಾವು ಹಾಡುವುದನ್ನೂ ಕೇಳಿದಂತಾಗುತ್ತದೆ.

ಮೊದಲ ದಿನ ಬರುವಾಗ ಏನು ತರಬೇಕು?

ಕುಡಿಯಲು ನೀರು, ಒಂದು 200 ಪುಟದ ಪುಸ್ತಕ, ಪೆನ್ನು. ಸಾಹಿತ್ಯವನ್ನು ಫೋನಿನಲ್ಲಿ ಕಳಿಸಿ ಅಂತ ಎಲ್ಲರೂ ಕೇಳುತ್ತಾರೆ, ಕಳಿಸುವುದಿಲ್ಲ. ಫೋನು ನೋಡಿಕೊಂಡು ಹಾಡಿದರೆ ಕತ್ತು ಬಗ್ಗುತ್ತದೆ, ದನಿ ಗಂಟಲಲ್ಲೇ ನಿಲ್ಲುತ್ತದೆ, ಪಕ್ಕದವರು ಕಾಣುವುದೇ ಇಲ್ಲ. ಕೈಯಲ್ಲಿ ಬರೆದುಕೊಂಡ ಹಾಡು ನಾಲ್ಕು ವಾರದಲ್ಲಿ ಬಾಯಿಗೆ ಬರುತ್ತದೆ. ಮೊದಲ ಹಾಡನ್ನು ಬರೆಸುವುದು ಇಸ್ತ್ರಿ ಅಂಗಡಿ ಪಕ್ಕದ ಮನೆಯ ಅಕ್ಕ. ಅವರ ಪಕ್ಕದಲ್ಲೇ ಕೂತುಕೊಳ್ಳಿ, ನಿಧಾನವಾಗಿ ಹೇಳುತ್ತಾರೆ.